‘ನಾನ್ಯಾರು ಹೇಳಿ’ ಅಂತ ಕೇಳಬೇಡಿ

ಮರೆವಿನ ಕಾಯಿಲೆಯ ಅಜ್ಜಿಯನ್ನು ನೋಡಲು ಬಂದ ನೆಂಟರು ಮೊದಲು ಕೇಳುವುದೇ ‘ನಾನ್ಯಾರು ಹೇಳಿ ನೋಡೋಣ?’ ಎಂದು. ಕೇಳುವುದು ಪ್ರೀತಿಯಿಂದಲೇ. ಆದರೆ ಅಜ್ಜಿಗೆ ಅದು ಪರೀಕ್ಷೆ, ಅದೂ ಫೇಲಾಗುವುದು ಗೊತ್ತಿರುವ ಪರೀಕ್ಷೆ. ‘ಅಜ್ಜಿ, ನಾನು ನಿಮ್ಮ ದೊಡ್ಡ ಮಗಳ ಮಗ’ ಎಂದು ನಾವೇ ಹೇಳಿ ಪಕ್ಕದಲ್ಲಿ ಕೂತರೆ ಆಯಿತು. ಡಿಮೆನ್ಷಿಯಾ ಆರೈಕೆ ಮಾಡುವ ತಂಡವೂ ಇಲ್ಲಿಂದಲೇ ಶುರುಮಾಡಬೇಕು.

ತಂಡ ಎಂದರೆ ವೈದ್ಯರು, ನರ್ಸ್, ಫಿಸಿಯೋಥೆರಪಿಯವರು, ಆಕ್ಯುಪೇಷನಲ್ ಥೆರಪಿಯವರು, ಮಾತಿನ ಚಿಕಿತ್ಸೆಯವರು, ಆಯಾ, ಜೊತೆಗೆ ಮನೆಯವರು. ದಿನಕ್ಕೆ ಆರು ಮುಖ ಬಂದು ಆರು ಥರ ಮಾತಾಡಿದರೆ ಗಟ್ಟಿಯಾಗಿರುವವರಿಗೇ ತಲೆ ಕೆಡುತ್ತದೆ. ಅದಕ್ಕೇ ಮಂಚದ ಪಕ್ಕ ಒಂದು ಹಾಳೆ ಅಂಟಿಸಿರಬೇಕು: ಹೇಗೆ ಕರೆದರೆ ತಿರುಗಿ ನೋಡುತ್ತಾರೆ (ಅಮ್ಮಾ, ಮೇಷ್ಟ್ರೇ), ಯಾವ ಕಿವಿ ಚೆನ್ನಾಗಿ ಕೇಳುತ್ತದೆ, ಏನು ಕೆಲಸ ಮಾಡುತ್ತಿದ್ದರು, ಯಾವುದಕ್ಕೆ ಹೆದರುತ್ತಾರೆ, ಮನೆಮಾತು ಯಾವುದು. ನನ್ನ ಮಟ್ಟಿಗೆ ದಪ್ಪ ಫೈಲಿಗಿಂತ ಈ ಹಾಳೆ ಮೇಲು. ಮನೆಮಾತನ್ನಂತೂ ಬರೆಯಲೇಬೇಕು. ಆಮೇಲೆ ಕಲಿತ ಭಾಷೆ ಮೊದಲು ಜಾರಿ, ತುಳುವೋ ಕೊಂಕಣಿಯೋ ಮಾತ್ರ ಉಳಿಯುವುದು ಹಲವರಲ್ಲಿ ಉಂಟು.

‘ಎದ್ದು ಚಪ್ಪಲಿ ಹಾಕ್ಕೊಂಡು ಬನ್ನಿ, ವಾಕಿಂಗ್ ಹೋಗೋಣ’ ಎಂಬ ಒಂದೇ ಮಾತಿನಲ್ಲಿ ನಾಲ್ಕು ಕೆಲಸಗಳಿವೆ. ಹಿಂದಿನಿಂದ ಮುಟ್ಟದೆ, ಎದುರಿಗೆ ಬಂದು ಕಣ್ಣಿನ ಮಟ್ಟಕ್ಕೆ ಬಾಗಿ, ಕೈ ಚಾಚಿ ‘ಏಳೋಣ್ವಾ ಅಮ್ಮಾ?’ ಎನ್ನಿ. ಆಮೇಲೆ ಮನಸ್ಸಿನಲ್ಲೇ ಹತ್ತು ಎಣಿಸಿ. ಕಷ್ಟವಿರುವುದು ಈ ಹತ್ತರಲ್ಲೇ. ಐದಕ್ಕೇ ತಾಳ್ಮೆ ತಪ್ಪಿ, ಬೇರೆ ಮಾತಲ್ಲಿ ಗಟ್ಟಿಯಾಗಿ ಕೇಳಿದರೆ ಅವರಿಗದು ಹೊಸ ಪ್ರಶ್ನೆ. ಮತ್ತೆ ಮೊದಲಿಂದ ಶುರು. ಕೇಳುವುದಾದರೆ ಅದೇ ಮಾತನ್ನೇ ಮತ್ತೊಮ್ಮೆ ಕೇಳಿ. ಹಾಂ, ಕನ್ನಡಕ, ಕಿವಿಯ ಮಷೀನು ಹಾಕಿದ್ದಾರಾ ಎಂದು ಮೊದಲೇ ನೋಡಿಕೊಳ್ಳಿ.

ನಿನ್ನೆಯದು ಮರೆತರೂ ಕೈ ಕಲಿತದ್ದು ಬಹಳ ಕಾಲ ಉಳಿಯುತ್ತದೆ. ಪ್ಲಾಸ್ಟಿಕ್ ರಿಂಗು ಜೋಡಿಸಲು ಒಲ್ಲೆನೆಂದವರ ಮುಂದೆ ಮಲ್ಲಿಗೆ, ದಾರ ಇಟ್ಟು ನೋಡಿ, ಇಲ್ಲವೇ ಒಂದು ಮೊರ ಅವರೆಕಾಯಿ. ಬೆರಳಿಗೂ ವ್ಯಾಯಾಮ, ಮರ್ಯಾದೆಯೂ ಉಳಿಯಿತು.

ಊಟದಲ್ಲಿ ಎಚ್ಚರ ಬೇಕು. ನುಂಗುವ ತೊಂದರೆ ಶುರುವಾದವರಿಗೆ ಗಂಜಿಗಿಂತ ನೀರೇ ಅಪಾಯ. ಅದು ಬೇಗ ಜಾರಿ ಶ್ವಾಸನಾಳ ಸೇರಬಹುದು. ಪ್ರತಿ ಗುಟುಕಿಗೂ ಕೆಮ್ಮು ಬಂದರೆ ಮಾತಿನ ಚಿಕಿತ್ಸೆಯವರಿಗೆ ತಿಳಿಸಿ; ನುಂಗುವುದನ್ನು ಪರೀಕ್ಷಿಸುವವರೂ ಅವರೇ. ನೇರವಾಗಿ ಕೂರಿಸಿಯೇ ತಿನ್ನಿಸಿ, ಉಂಡ ಮೇಲೂ ಅರ್ಧ ಗಂಟೆ ಮಲಗಿಸಬೇಡಿ.

ಸಂಜೆಯಾದರೆ ‘ಅಮ್ಮ ಎಲ್ಲಿ? ಮನೆಗೆ ಹೋಗ್ಬೇಕು’ ಎಂಬ ಹಟ. ‘ನಿಮ್ಮಮ್ಮ ಹೋಗಿ ಮೂವತ್ತು ವರ್ಷವಾಯ್ತು’ ಎಂದರೆ ಅವರಿಗದು ಪ್ರತಿಸಲವೂ ಹೊಸ ಸಾವು. ‘ನಿಮ್ಮಮ್ಮ ಏನು ಅಡುಗೆ ಚೆನ್ನಾಗಿ ಮಾಡ್ತಿದ್ರು?’ ಎಂದು ಕೇಳಿ. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಒಬ್ಬರು ಹೀಗೆ ಕೇಳಿ, ಇನ್ನೊಬ್ಬರು ಸಾವಿನ ಸುದ್ದಿ ಹೇಳಿದರೆ ಎಲ್ಲ ಕೆಟ್ಟಿತು. ಇದೂ ಆ ಹಾಳೆಯಲ್ಲಿರಲಿ.

ಒಂದೆರಡು ದಿನದಲ್ಲೇ ಗಲಿಬಿಲಿ, ಮಂಪರು ಅಥವಾ ಕೋಪ ಹೆಚ್ಚಿದರೆ ‘ಅರಳುಮರಳು ಜಾಸ್ತಿಯಾಯ್ತು’ ಎಂದು ಕೈಚೆಲ್ಲಬೇಡಿ. ಮೂತ್ರದ ಸೋಂಕು, ಮಲಬದ್ಧತೆ, ಹೇಳಲಾಗದ ನೋವು, ಹೊಸ ಮಾತ್ರೆ ಕಾರಣವಿರಬಹುದು. ಅಂದೇ ವೈದ್ಯರಿಗೆ ತೋರಿಸಿ.

ನೋಡಿಕೊಳ್ಳುವವರೇ ಸೋತು ಹೋದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.