ದಮ್ಮಿಗೆ ಪಂಪು: ಚಟವಲ್ಲ, ಔಷಧಿ



ಸಂಘದ ಸಭೆಗಳಲ್ಲಿ ಆಂತರಿಕ ಸಾಲ ಕೇಳುವಾಗ "ಆಸ್ಪತ್ರೆ ಖರ್ಚು" ಎಂಬ ಮಾತು ನಮಗೆ ಮತ್ತೆ ಮತ್ತೆ ಕೇಳಿಬರುತ್ತದೆ. ವಿಚಾರಿಸಿದರೆ ಎಷ್ಟೋ ಸಲ ಅದು ದಮ್ಮು, ಅಂದರೆ ಅಸ್ತಮಾ. ರಾತ್ರಿ ಉಸಿರು ಕಟ್ಟುವುದು, ಬಾಡಿಗೆ ಗಾಡಿ, ಇಂಜೆಕ್ಷನ್, ತಿಂಗಳು ಕಳೆದರೆ ಮತ್ತೆ ಅದೇ ಕಥೆ. ಡಾಕ್ಟರು ಪಂಪು ಬರೆದುಕೊಟ್ಟಿರುತ್ತಾರೆ. ಆದರೆ "ಒಂದ್ಸಲ ಹಿಡಿದ್ರೆ ಬಿಡೋಕಾಗಲ್ಲ", "ಮಗಳ ಕೈಯಲ್ಲಿ ಪಂಪು ಕಂಡ್ರೆ ಗಂಡಿನ ಕಡೆಯವರು ಏನಂತಾರೋ" ಎಂದು ಅದು ಪೆಟ್ಟಿಗೆಯ ತಳ ಸೇರುತ್ತದೆ. ಈ ಹೆದರಿಕೆ ಜೀವಕ್ಕೇ ಮುಳುವಾಗಬಹುದು.

ಉಸಿರು ಕಟ್ಟುವುದು ಯಾಕೆ?

ಶ್ವಾಸಕೋಶದೊಳಗೆ ಮರದ ಕೊಂಬೆಗಳಂತೆ ಕವಲೊಡೆದ ನಾಳಗಳಿವೆ. ಅಸ್ತಮಾ ಇದ್ದವರಲ್ಲಿ ಇವುಗಳ ಒಳಗೋಡೆ ಊದಿಕೊಂಡಿರುತ್ತದೆ. ಒಲೆ ಹೊಗೆ, ಬೀಡಿ ಹೊಗೆ, ಧೂಳು, ನೆಗಡಿ, ಚಳಿಗಾಳಿ ತಾಗಿದಾಗ ನಾಳದ ಸುತ್ತಲಿನ ಸ್ನಾಯು ಬಿಗಿಯುತ್ತದೆ, ಕಫವೂ ತುಂಬುತ್ತದೆ. ದಾರಿ ಕಿರಿದಾಗಿ ಎದೆಯಲ್ಲಿ ಸಿಳ್ಳೆಯಂಥ ಸದ್ದು ಬರುತ್ತದೆ. ಇದು ಅಂಟುರೋಗವಲ್ಲ.

ಪಂಪು ಎರಡು ಥರ

ಒಂದು, ತಕ್ಷಣ ಉಪಶಮನ ಕೊಡುವ ಸಾಲ್ಬುಟಮಾಲ್ ಪಂಪು. ಇದು ಬಿಗಿದ ಸ್ನಾಯುವನ್ನು ಕೆಲವೇ ನಿಮಿಷಗಳಲ್ಲಿ ಸಡಿಲಿಸುತ್ತದೆ. ಆದರೆ ಊತ ಹಾಗೇ ಇರುತ್ತದೆ. ಇನ್ನೊಂದು, ಊತ ಇಳಿಸುವ ತಡೆ ಪಂಪು. ಇದನ್ನು ಡಾಕ್ಟರು ಹೇಳಿದಂತೆ ದಿನವೂ ತಗೋಬೇಕು. ತಗೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು. ಎರಡೂ ಔಷಧಿ ಒಂದರಲ್ಲೇ ಇರುವ ಪಂಪುಗಳೂ ಇವೆ. "ಈಗ ಆರಾಮ ಇದೀನಲ್ಲ" ಎಂದು ತಡೆ ಪಂಪು ಬಿಟ್ಟು ಬರೀ ಉಪಶಮನದ ಪಂಪನ್ನೇ ನಂಬುವುದು ಅಪಾಯ. ಗರ್ಭಿಣಿಯರೂ ಡಾಕ್ಟರನ್ನು ಕೇಳದೆ ನಿಲ್ಲಿಸಬಾರದು.

ಪಂಪು ಬಹಳ ಜೋರಿನ ಔಷಧಿ ಅನ್ನುವುದೂ ತಪ್ಪು ತಿಳುವಳಿಕೆ. ಸಾಲ್ಬುಟಮಾಲ್ ಮಾತ್ರೆ ಒಂದರಲ್ಲಿ 4 ಮಿಲಿಗ್ರಾಂ ಇದ್ದರೆ, ಪಂಪು ಒಮ್ಮೆ ಒತ್ತಿದಾಗ ಬರುವುದು 100 ಮೈಕ್ರೋಗ್ರಾಂ, ಅಂದರೆ ಅದರ 40ರಲ್ಲಿ ಒಂದು ಪಾಲು. ಔಷಧಿ ನೇರ ನಾಳಕ್ಕೇ ಹೋಗುವುದರಿಂದ ಅಷ್ಟೇ ಸಾಕು.

ತೆಗೆದುಕೊಳ್ಳುವ ಕ್ರಮ

ಪಂಪು ಚೆನ್ನಾಗಿ ಅಲುಗಾಡಿಸಿ. ಉಸಿರು ಪೂರ್ತಿ ಹೊರಬಿಡಿ. ತುಟಿ ಬಿಗಿಯಾಗಿ ಮುಚ್ಚಿ, ಒತ್ತುತ್ತಲೇ ನಿಧಾನವಾಗಿ ಉಸಿರೆಳೆಯಿರಿ. 10 ಎಣಿಸುವವರೆಗೆ ಉಸಿರು ಹಿಡಿಯಿರಿ. ಮಕ್ಕಳಿಗೂ ವಯಸ್ಸಾದವರಿಗೂ ಸ್ಪೇಸರ್ ಎಂಬ ಕೊಳವೆ ಜೋಡಿಸಿದರೆ ಸುಲಭ.

ದಮ್ಮು ಜೋರಾದಾಗ

* ಮಲಗಿಸಬೇಡಿ, ನೆಟ್ಟಗೆ ಕೂರಿಸಿ. ಸುತ್ತ ಗುಂಪು ಸೇರಬೇಡಿ.
* ಸಾಲ್ಬುಟಮಾಲ್ ಪಂಪನ್ನು ಸ್ಪೇಸರಿಗೆ ಹಾಕಿ ಒಂದು ಸಲ ಒತ್ತಿ, 4 ಉಸಿರು ಎಳೆಸಿ. ಹೀಗೆ 4 ಸಲ ಮಾಡಿ.
* 4 ನಿಮಿಷ ಕಾಯಿರಿ. ಕಡಿಮೆಯಾಗದಿದ್ದರೆ 108ಕ್ಕೆ ಫೋನ್ ಮಾಡಿ, ಮತ್ತೆ 4 ಸಲ ಕೊಡಿ.
* ಮಾತು ಪೂರ್ತಿ ಆಡಲಾಗದಿದ್ದರೆ, ತುಟಿ ನೀಲಿಯಾದರೆ, ಮಂಪರು ಬಂದರೆ ಕಾಯಲೇಬೇಡಿ. ಒದ್ದಾಟ ಹಾಗೇ ಇದ್ದು ಸಿಳ್ಳೆ ಸದ್ದು ಮಾತ್ರ ನಿಂತರೆ ಅದು ಗುಣವಲ್ಲ. ಗಾಳಿಯೇ ಆಡದಿದ್ದರೆ ಸದ್ದೂ ಇರುವುದಿಲ್ಲ.

ಮುಂದಿನ ಸಭೆಯಲ್ಲಿ ಕೇಳಿಕೊಳ್ಳೋಣ: ನಮ್ಮಲ್ಲಿ ಯಾರ ಮನೆಯಲ್ಲಿ ದಮ್ಮು ಇದೆ? ಪಂಪು ಕೈಗೆ ಸಿಗುವಂತೆ ಇದೆಯಾ? ಔಷಧಿ ಮುಗಿದಿಲ್ಲ ತಾನೆ? ರಾತ್ರಿ ಗಾಡಿ ಯಾರದ್ದು ಸಿಗುತ್ತದೆ? ಉತ್ತರಗಳನ್ನು ಸಭೆಯ ಪುಸ್ತಕದಲ್ಲಿ ಬರೆದಿಡಿ. ಸಾಲ ಮಾಡುವುದೇ ಆದರೆ ರಾತ್ರಿಯ ಗಾಡಿ ಬಾಡಿಗೆಗಿಂತ ಮೊದಲು ತಡೆ ಪಂಪಿಗೆ ಮಾಡೋಣ.