ಮಗುವನ್ನು ಹೊಡೆಯುವ ಕೈ: ಅದು ರೋಗವೇ, ರೂಢಿಯೇ?

2010ರಲ್ಲಿ ತೆರೆಕಂಡ ‘ಉಡಾನ್’ ಎಂಬ ಹಿಂದಿ ಚಲನಚಿತ್ರವನ್ನು ನಮ್ಮ ಓದುಗರಲ್ಲಿ ಹಲವರು ನೋಡಿರಬಹುದು. ವಿಕ್ರಮಾದಿತ್ಯ ಮೋಟ್ವಾನೆಯವರು ನಿರ್ದೇಶಿಸಿದ ಈ ಚಿತ್ರ ಜಮ್ಷೆಡ್‌ಪುರದ ಒಂದು ಮನೆಯ ಕಥೆ. ವಸತಿ ಶಾಲೆಯಿಂದ ಹೊರಹಾಕಲ್ಪಟ್ಟ ರೋಹನ್ ಎಂಬ ಹದಿಹರೆಯದ ಹುಡುಗ ಎಂಟು ವರ್ಷಗಳ ನಂತರ ತಂದೆಯ ಬಳಿಗೆ ಮರಳುತ್ತಾನೆ. ಅಲ್ಲಿ ತನಗೆ ಅರ್ಜುನ್ ಎಂಬ ಆರು ವರ್ಷದ ಮಲತಮ್ಮನಿರುವುದು ಅವನಿಗೆ ತಿಳಿಯುತ್ತದೆ. ತಂದೆ ಭೈರವ್ ಸಿಂಗ್ ಸ್ವಂತ ಕಾರ್ಖಾನೆ ನಡೆಸುವವನು. ಮಕ್ಕಳು ತನ್ನನ್ನು ‘ಸರ್’ ಎಂದೇ ಕರೆಯಬೇಕೆಂಬುದು ಅವನ ಕಟ್ಟಪ್ಪಣೆ. ವ್ಯಾಪಾರದಲ್ಲಿ ಪೆಟ್ಟು ತಿಂದ ದಿನ ಆತ ಆ ಎಳೆಯ ಮಗುವನ್ನು ಆಸ್ಪತ್ರೆ ಸೇರುವಂತೆ ಥಳಿಸುತ್ತಾನೆ. ಮಗು ಮೆಟ್ಟಿಲಿನಿಂದ ಬಿದ್ದಿತೆಂದು ಸುಳ್ಳು ಹೇಳುತ್ತಾನೆ.

ಇಂತಹ ತಂದೆಯನ್ನು ಕಂಡೊಡನೆ ‘ಇವನೊಬ್ಬ ಸೈಕೋ’ ಎಂಬ ಮಾತು ನಮ್ಮ ಬಾಯಿಗೆ ಬರುತ್ತದೆ. ಆ ಮಾತು ವೈದ್ಯಕೀಯವಾಗಿ ಸರಿಯೇ ಎಂಬುದನ್ನು ಇಲ್ಲಿ ವಿಚಾರಿಸೋಣ.

ಸೈಕೋಪತಿ ಎಂದರೆ ಹುಚ್ಚಲ್ಲ, ಬರಿಯ ಸಿಡುಕೂ ಅಲ್ಲ. 1941ರಲ್ಲಿ ಅಮೆರಿಕದ ಮನೋವೈದ್ಯ ಹರ್ವೆ ಕ್ಲೆಕ್ಲಿ ಇದರ ಲಕ್ಷಣಗಳನ್ನು ವಿವರವಾಗಿ ಬರೆದರು. ಮುಂದೆ ಕೆನಡಾದ ಮನಶ್ಶಾಸ್ತ್ರಜ್ಞ ರಾಬರ್ಟ್ ಹೇರ್ ಇದನ್ನು ಅಳೆಯಲು 20 ಅಂಶಗಳ ಪಟ್ಟಿಯೊಂದನ್ನು ರೂಪಿಸಿದರು. ಪ್ರತಿ ಅಂಶಕ್ಕೂ ಸೊನ್ನೆಯಿಂದ ಎರಡರವರೆಗೆ ಅಂಕ, ಒಟ್ಟು 40. ಮೇಲ್ನೋಟದ ಮೋಹಕ ಮಾತು, ರೂಢಿಗತ ಸುಳ್ಳು, ಪಶ್ಚಾತ್ತಾಪವಿಲ್ಲದಿರುವುದು, ಪರರ ನೋವಿಗೆ ಮಿಡಿಯದಿರುವುದು, ಹೊಣೆಗೇಡಿತನ, ಬಾಲ್ಯದಿಂದಲೇ ತೋರುವ ದುರ್ನಡತೆ ಮುಂತಾದವು ಅದರಲ್ಲಿವೆ. ತರಬೇತಿ ಪಡೆದ ತಜ್ಞರು ದೀರ್ಘ ಸಂದರ್ಶನ ನಡೆಸಿ, ವ್ಯಕ್ತಿಯ ಹಿಂದಿನ ದಾಖಲೆಗಳನ್ನು ಪರಿಶೀಲಿಸಿದ ಮೇಲೆಯೇ ಅಂಕ ನೀಡುತ್ತಾರೆ. ಮನೋವೈದ್ಯರ ಅಧಿಕೃತ ರೋಗಪಟ್ಟಿಯಲ್ಲಿ ಸೈಕೋಪತಿ ಪ್ರತ್ಯೇಕ ರೋಗವಾಗಿ ಇಲ್ಲ. ಅದಕ್ಕೆ ಹತ್ತಿರವಾದ ‘ಸಮಾಜವಿರೋಧಿ ವ್ಯಕ್ತಿತ್ವ ದೋಷ’ ಎಂಬುದಿದೆ. ಅದನ್ನು ಗುರುತಿಸಲು 15ನೆಯ ವಯಸ್ಸಿಗೆ ಮೊದಲೇ ಗಂಭೀರ ದುರ್ನಡತೆ ಆರಂಭವಾಗಿರಬೇಕು.

ಈಗ ಭೈರವ್ ಸಿಂಗನನ್ನು ನೋಡೋಣ. ಸುಳ್ಳು ಅವನಲ್ಲಿದೆ, ಮಕ್ಕಳ ಕಣ್ಣೀರಿಗೆ ಕರಗದ ಕಾಠಿಣ್ಯವೂ ಇದೆ. ಆದರೆ ಮೋಹಕ ಮಾತು ಅವನದಲ್ಲ. ಹೊಣೆಗೇಡಿಯೂ ಅಲ್ಲ, ಕಾರ್ಖಾನೆಯನ್ನೂ ದಿನಚರಿಯನ್ನೂ ಕಟ್ಟುನಿಟ್ಟಾಗಿ ನಡೆಸುತ್ತಾನೆ. ಅವನ ಹೊಡೆತ ಬಹುಮಟ್ಟಿಗೆ ಸೋಲಿನ, ಅವಮಾನದ, ಕುಡಿತದ ಬೆನ್ನಿಗೆ ಬರುವ ಕೋಪದ ಹೊಡೆತ. ಎಲ್ಲಕ್ಕಿಂತ ಮಿಗಿಲಾಗಿ, ತಾನು ಮಕ್ಕಳನ್ನು ಗಂಡಸರನ್ನಾಗಿ ರೂಪಿಸುತ್ತಿದ್ದೇನೆಂದು ಆತ ನಂಬಿದ್ದಾನೆ. ಅವನ ಬಾಲ್ಯದ ನಡತೆಯ ಬಗ್ಗೆ ನಿರ್ಣಯಕ್ಕೆ ಸಾಲುವಷ್ಟು ವಿವರ ಚಿತ್ರದಲ್ಲಿಲ್ಲ. ಆದ್ದರಿಂದ ಸೈಕೋಪತಿ ಎಂಬ ಹಣೆಪಟ್ಟಿ ಇಲ್ಲಿ ನಿಲ್ಲುವುದಿಲ್ಲ. ಇವನಲ್ಲಿ ನಾವು ಕಾಣುವುದು ಅಧಿಕಾರವನ್ನೇ ಪಿತೃತ್ವವೆಂದು ತಿಳಿದ, ಕೋಪವನ್ನು ಆಳಲು ಎಂದೂ ಕಲಿಯದ ಒಬ್ಬ ಮನುಷ್ಯನನ್ನು.

ಹಾಗಾದರೆ ಅವನೂ ತನ್ನ ಬಾಲ್ಯದ ಬಲಿಪಶುವೇ? ಈ ವಾದಕ್ಕೂ ಮಿತಿಯಿದೆ. ಚಿತ್ರದಲ್ಲಿ ಅವನ ತಮ್ಮ ಜಿಮ್ಮಿಯೂ ಅದೇ ಮನೆಯಲ್ಲಿ ಬೆಳೆದವನು. ಅವನು ಮಕ್ಕಳೊಡನೆ ಮೃದುವಾಗಿ ವರ್ತಿಸುತ್ತಾನೆ. ವೈದ್ಯಶಾಸ್ತ್ರದ ಅನುಭವವೂ ಇದೇ. ಪೆಟ್ಟು ತಿಂದು ಬೆಳೆದವರಲ್ಲಿ ತಮ್ಮ ಮಕ್ಕಳನ್ನು ಹಿಂಸಿಸುವ ಅಪಾಯ ಹೆಚ್ಚು. ಆದರೂ ಅವರಲ್ಲಿ ಬಹುಪಾಲು ಜನ ಹಿಂಸಕರಾಗುವುದಿಲ್ಲ. ಬಾಲ್ಯವು ಕಾರಣದ ಒಂದು ಭಾಗವಾಗಬಹುದು, ಸಮರ್ಥನೆಯಾಗಲಾರದು.

ಹಣೆಪಟ್ಟಿಯ ವಿಷಯದಲ್ಲಿ ನಾವು ಇಷ್ಟು ಎಚ್ಚರ ವಹಿಸುವುದಕ್ಕೆ ಕಾರಣವಿದೆ. ಸೈಕೋಪತಿ ಜನಸಾಮಾನ್ಯರಲ್ಲಿ ನೂರಕ್ಕೆ ಸುಮಾರು ಒಬ್ಬರಲ್ಲಿ ಇರಬಹುದೆಂದು ಅಂದಾಜು. ಮಕ್ಕಳನ್ನು ಹೊಡೆಯುವ ಮನೆಗಳಾದರೋ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. ಹಿಂಸಿಸುವವನು ಎಲ್ಲೋ ಇರುವ ರಾಕ್ಷಸನೆಂದು ತಿಳಿದರೆ, ನಮ್ಮ ಮನೆಯ ಬೆಲ್ಟು, ನಮ್ಮ ನೆರೆಮನೆಯ ಅಳು ನಮಗೆ ಕಾಣದೆಹೋಗುತ್ತದೆ. ‘ಶಿಸ್ತು ಕಲಿಸಿದೆ’ ಎಂಬ ಮಾತಿನ ಮರೆಯಲ್ಲಿ ಸಜ್ಜನರ ಮನೆಯಲ್ಲೂ, ನಿತ್ಯ ಲಿಂಗಪೂಜೆ ನಡೆಯುವ ಮನೆಯಲ್ಲೂ ಇದು ನಡೆಯಬಲ್ಲದು.

ಇದರ ಪರಿಣಾಮ ಮನಸ್ಸಿಗೆ ಮಾತ್ರ ಸೀಮಿತವಲ್ಲ. ಅಮೆರಿಕದಲ್ಲಿ 17 ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಒಳಗೊಂಡ ದೊಡ್ಡ ಅಧ್ಯಯನದ ಮೊದಲ ಫಲಿತಾಂಶಗಳು 1998ರಲ್ಲಿ ಪ್ರಕಟವಾದವು. ಬಾಲ್ಯದ ಕಹಿ ಅನುಭವಗಳು ಹೆಚ್ಚಿದಷ್ಟೂ ಮುಂದೆ ಖಿನ್ನತೆ, ಮದ್ಯವ್ಯಸನ, ಆತ್ಮಹತ್ಯಾ ಯತ್ನ ಮಾತ್ರವಲ್ಲದೆ ಹೃದ್ರೋಗದ ಸಂಭವವೂ ಹೆಚ್ಚುವುದನ್ನು ಅದು ತೋರಿಸಿತು. ಸದಾ ಭಯದಲ್ಲಿರುವ ಮಗುವಿನ ದೇಹದಲ್ಲಿ ಒತ್ತಡದ ಹಾರ್ಮೋನುಗಳು ಇಳಿಯಬೇಕಾದಾಗ ಇಳಿಯುವುದಿಲ್ಲ. ನಿದ್ರೆ, ಏಕಾಗ್ರತೆ, ಕಲಿಕೆ ಎಲ್ಲವೂ ಕೆಡುತ್ತವೆ.

ಕೈ ಎತ್ತುವ ರೂಢಿಯಿರುವ ತಂದೆತಾಯಿಗಳು ಮಾಡಬಹುದಾದದ್ದು ಬಹಳವಿದೆ. ಕೋಪ ಏರಿದಾಗ, ಮಗು ಸುರಕ್ಷಿತವಾಗಿದ್ದರೆ, ಆ ಕೋಣೆಯಿಂದ ಹೊರಬರುವುದು. ಕುಡಿತವಿದ್ದರೆ ಅದಕ್ಕೆ ಚಿಕಿತ್ಸೆ ಪಡೆಯುವುದು. ತಪ್ಪಾದಾಗ ಮಗುವಿನ ಮುಂದೆ ಒಪ್ಪಿಕೊಳ್ಳುವುದು. ಇವನ್ನು ಕಲಿಸುವ ಆಪ್ತಸಮಾಲೋಚಕರಿದ್ದಾರೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಮಗುವೊಂದು ಅಪಾಯದಲ್ಲಿದೆಯೆಂದು ತೋರಿದರೆ 1098 ಮಕ್ಕಳ ಸಹಾಯವಾಣಿಗೆ ತಿಳಿಸಬೇಕು. 2015ರ ಬಾಲನ್ಯಾಯ ಕಾಯ್ದೆಯ 75ನೆಯ ಕಲಮಿನಂತೆ, ಮಗುವಿನ ಹೊಣೆ ಹೊತ್ತವರು ಅದರ ಮೇಲೆ ಎಸಗುವ ಕ್ರೌರ್ಯ ಶಿಕ್ಷಾರ್ಹ ಅಪರಾಧ. ‘ಅದು ಅವರ ಮನೆಯ ವಿಷಯ’ ಎಂದು ಸುಮ್ಮನಿರುವುದು ಸರಿಯಲ್ಲ.

ಚಿತ್ರದ ಕೊನೆಯಲ್ಲಿ ರೋಹನ್ ತಾನೊಬ್ಬನೇ ಪಾರಾಗುವುದಿಲ್ಲ. ಪುಟ್ಟ ತಮ್ಮನ ಕೈಹಿಡಿದು ಆ ಮನೆಯಿಂದ ಹೊರನಡೆಯುತ್ತಾನೆ. ಆ ಮಗುವಿಗೆ ಅಣ್ಣನಿದ್ದ. ಅಣ್ಣನಿಲ್ಲದ ಮಕ್ಕಳಿಗೆ ನೆರೆಯವರು, ಬಂಧುಗಳು, ಶಿಕ್ಷಕರು ಆ ಕೈಯಾಗಬೇಕು. ಕೋಪವನ್ನು ಗೆಲ್ಲುವುದನ್ನು ಶರಣರು ಅಂತರಂಗದ ಶುದ್ಧಿಯೆಂದರು. ದಯೆಯಿಲ್ಲದಲ್ಲಿ ಧರ್ಮವನ್ನು ಅವರು ಕಾಣಲಿಲ್ಲ. ಆ ದಯೆಯ ಮೊದಲ ಹಕ್ಕುದಾರರು ನಮ್ಮ ಮನೆಯಂಗಳದ ಮಕ್ಕಳೇ.