ಗುರು ತೆರಳಿದ ಮೇಲೂ ನಿಲ್ಲದ ಕಾಯಕ: ಅಹಮದಾಬಾದಿನ ‘ವಾಸ್ತುಶಿಲ್ಪ’

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬುದು ನಮ್ಮ ಹಿರಿಯರ ಅನುಭವದ ನುಡಿ. ಈ ಎರಡೂ ಕಾರ್ಯಗಳಲ್ಲಿ ಹಣಕ್ಕಿಂತ ಹೆಚ್ಚಾಗಿ ಮನುಷ್ಯನ ತಾಳ್ಮೆಯ ಪರೀಕ್ಷೆ ನಡೆಯುತ್ತದೆ. ಆದರೆ ಇವೆರಡಕ್ಕಿಂತಲೂ ಕಠಿಣವಾದ ಮೂರನೆಯ ಕಾರ್ಯವೊಂದಿದೆ. ತಾನು ಕಟ್ಟಿ ಬೆಳೆಸಿದ ಸಂಸ್ಥೆಯನ್ನು ಮುಂದಿನವರ ಕೈಗೆ ಒಪ್ಪಿಸುವುದೇ ಆ ಕಾರ್ಯ. ಅಂಗಡಿಯಿರಲಿ, ಗಿರಣಿಯಿರಲಿ, ವಿದ್ಯಾಸಂಸ್ಥೆಯಿರಲಿ, ಸ್ಥಾಪಕರು ಇದ್ದಷ್ಟು ಕಾಲ ಬೆಳಗಿ, ಅವರು ಕಣ್ಮರೆಯಾದೊಡನೆ ಮಂಕಾದ ಉದಾಹರಣೆಗಳು ಪ್ರತಿಯೊಂದು ಊರಿನಲ್ಲಿಯೂ ಕಾಣಸಿಗುತ್ತವೆ.

ಈ ದೃಷ್ಟಿಯಿಂದ ಅಹಮದಾಬಾದಿನ ‘ವಾಸ್ತುಶಿಲ್ಪ’ ಎಂಬ ಸಂಸ್ಥೆಯ ಕಥೆ ಗಮನಾರ್ಹವಾದುದು. ಇದರ ಸ್ಥಾಪಕರಾದ ಬಾಲಕೃಷ್ಣ ದೋಶಿಯವರು 2023ರ ಜನವರಿ 24ರಂದು ತಮ್ಮ 95ನೆಯ ವಯಸ್ಸಿನಲ್ಲಿ ನಿಧನರಾದರು. ಸ್ಥಾಪಕರಿಲ್ಲದ ಸಂಸ್ಥೆ ಏನಾದೀತು ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು. ಅದಕ್ಕೆ ಉತ್ತರ ಕೊಟ್ಟದ್ದು ಮಾತಲ್ಲ, ಎರಡು ನಿರ್ಮಾಣಗಳು. ಒಂದು ಬಿಹಾರದ ರಾಜಗೀರದಲ್ಲಿ, ಇನ್ನೊಂದು ದೂರದ ಜರ್ಮನಿಯಲ್ಲಿ. ಅವುಗಳ ಅರ್ಥ ತಿಳಿಯಬೇಕಾದರೆ ದೋಶಿಯವರು ನಡೆದು ಬಂದ ದಾರಿಯನ್ನು ಒಮ್ಮೆ ನೋಡಬೇಕಾಗುತ್ತದೆ.

ಗುರುಗಳ ಬಳಿಯಿಂದ ಸ್ವಂತ ಕಾರ್ಯಶಾಲೆಗೆ

ದೋಶಿಯವರು 1927ರಲ್ಲಿ ಪುಣೆಯಲ್ಲಿ, ಮರದ ಪೀಠೋಪಕರಣಗಳನ್ನು ತಯಾರಿಸುವ ಮನೆತನದಲ್ಲಿ ಜನಿಸಿದರು. ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ವಾಸ್ತುಶಿಲ್ಪವನ್ನು ಅಭ್ಯಾಸಮಾಡಿ, 1951ರಲ್ಲಿ ಪ್ಯಾರಿಸ್ಸಿಗೆ ತೆರಳಿ, ಜಗದ್ವಿಖ್ಯಾತ ಶಿಲ್ಪಿ ಲ ಕಾರ್ಬೂಸಿಯೇ ಅವರ ಕಚೇರಿಯನ್ನು ಸೇರಿದರು. ಮೊದಲ ಎಂಟು ತಿಂಗಳು ಅವರಿಗೆ ಅಲ್ಲಿ ವೇತನವೇ ಇರಲಿಲ್ಲ. ಆ ಬಳಿಕ ಗುರುಗಳ ಕಟ್ಟಡಗಳ ಮೇಲ್ವಿಚಾರಣೆಗಾಗಿ ಸ್ವದೇಶಕ್ಕೆ ಮರಳಿ ಅಹಮದಾಬಾದಿನಲ್ಲಿ ನೆಲೆನಿಂತರು. ಮುಂದೆ ಅಮೆರಿಕದ ಲೂಯಿ ಕಾನ್ ಅವರು ಅಹಮದಾಬಾದಿನ ಭಾರತೀಯ ಪ್ರಬಂಧನ ಸಂಸ್ಥೆಯನ್ನು ರೂಪಿಸಿದಾಗ ಅವರಿಗೂ ಸಹವರ್ತಿಯಾದರು.

1950ರ ದಶಕದ ಮಧ್ಯಭಾಗದಲ್ಲಿ ದೋಶಿಯವರು ಸ್ವಂತ ಕಚೇರಿಯನ್ನು ತೆರೆದರು. ಸ್ಥಾಪಕರ ಹೆಸರನ್ನೇ ಸಂಸ್ಥೆಗೆ ಇಡುವುದು ಈ ವೃತ್ತಿಯಲ್ಲಿ ರೂಢಿ. ದೋಶಿಯವರಾದರೋ ತಮ್ಮ ಹೆಸರನ್ನು ಬದಿಗಿಟ್ಟು, ಮಾಡುವ ಕೆಲಸದ ಹೆಸರನ್ನೇ ಇಟ್ಟು ‘ವಾಸ್ತುಶಿಲ್ಪ’ ಎಂದು ಕರೆದರು. 1962ರಲ್ಲಿ ಅಹಮದಾಬಾದಿನಲ್ಲಿ ವಾಸ್ತುಶಿಲ್ಪ ವಿದ್ಯಾಲಯವನ್ನು ಸ್ಥಾಪಿಸಿದರು. 1978ರಲ್ಲಿ ಸಂಶೋಧನೆಗಾಗಿಯೇ ಒಂದು ಪ್ರತಿಷ್ಠಾನವನ್ನು ಕಟ್ಟಿದರು. ಕಟ್ಟುವ ಕೆಲಸ, ಕಲಿಸುವ ಕೆಲಸ, ಶೋಧಿಸುವ ಕೆಲಸ ಈ ಮೂರನ್ನೂ ಅವರು ಒಟ್ಟಿಗೆ ನಡೆಸಿದರು. ಮುಂದೆ ಹೊಣೆ ಹೊರುವವರು ಸಿದ್ಧವಾದದ್ದು ಈ ಮೂರರ ನಡುವೆಯೇ.

ಬಿಸಿಲನ್ನು ಅರಿತ ಕಟ್ಟಡ

1980ರ ಹೊತ್ತಿಗೆ ಸಿದ್ಧವಾದ ಅವರ ಕಚೇರಿಯ ಹೆಸರು ‘ಸಂಗಾತ್’. ಜೊತೆಗೂಡಿ ನಡೆಯುವುದು ಎಂಬುದು ಇದರ ಅರ್ಥ. ನಮ್ಮ ‘ಸಂಗಡ’, ‘ಸಂಗಾತಿ’ಗಳನ್ನು ಬಲ್ಲ ಕನ್ನಡಿಗರಿಗೆ ಈ ಪದ ಅಪರಿಚಿತವೆನಿಸದು.

ಅಹಮದಾಬಾದಿನ ಬೇಸಿಗೆ ಎಷ್ಟು ಉಗ್ರವೆಂಬುದನ್ನು ಹೇಳಬೇಕಾಗಿಲ್ಲ. ಅಲ್ಲಿ ಯಂತ್ರದ ಮೊರೆಹೋಗುವ ಮೊದಲು ಕಟ್ಟಡವನ್ನೇ ತಂಪಾಗಿಸುವ ಉಪಾಯಗಳನ್ನು ದೋಶಿಯವರು ಹುಡುಕಿದರು. ಕಚೇರಿಯ ಒಂದು ಭಾಗವನ್ನು ನೆಲದೊಳಕ್ಕೆ ಇಳಿಸಿದರು. ನೆಲದಾಳದ ಮಣ್ಣು ದಿನದ ಬಿಸಿಲಿಗೆ ಬೇಗ ಕಾಯುವುದಿಲ್ಲವಾದ್ದರಿಂದ ಒಳಗೆ ತಂಪು ಉಳಿಯುತ್ತದೆ. ಮೇಲ್ಛಾವಣಿಗೆ ಕಮಾನಿನ ಆಕಾರ ಕೊಟ್ಟು, ಕಾಂಕ್ರೀಟಿನ ಪದರಗಳ ನಡುವೆ ಟೊಳ್ಳಾದ ಮಣ್ಣಿನ ಬಿಲ್ಲೆಗಳನ್ನು ಇರಿಸಿದರು. ಟೊಳ್ಳಿನಲ್ಲಿರುವ ಗಾಳಿ ಶಾಖವನ್ನು ಸುಲಭವಾಗಿ ಕೆಳಗೆ ಬಿಡುವುದಿಲ್ಲ. ಕಮಾನಿನ ಹೊರಮೈಗೆ ಒಡೆದ ಬಿಳಿಯ ಪಿಂಗಾಣಿ ಚೂರುಗಳನ್ನು ಮೆತ್ತಿಸಿದರು. ಬಿಸಿಲು ಅದಕ್ಕೆ ತಾಗಿ ಹಿಂದಕ್ಕೆ ಚಿಮ್ಮುತ್ತದೆ. ಮಳೆಯ ನೀರು ಕಮಾನಿನಿಂದ ಜಾರಿ, ಕಾಲುವೆಗಳಲ್ಲಿ ಹರಿದು, ಅಂಗಳದ ಕೊಳವನ್ನು ಸೇರುತ್ತದೆ. ‘ಪರಿಸರಸ್ನೇಹಿ’ ಎಂಬ ಮಾತು ಜಾಹೀರಾತುಗಳಲ್ಲಿ ಸೇರುವುದಕ್ಕೆ ಬಹಳ ಮೊದಲೇ ನಡೆದ ಪ್ರಯೋಗವಿದು.

ಬೆಂಗಳೂರಿನ ಕಲ್ಲಿನ ಓಣಿಗಳು

ಕನ್ನಡಿಗರು ದೋಶಿಯವರ ಕೃತಿಯನ್ನು ಕಾಣಲು ಗುಜರಾತಿಗೆ ಹೋಗಬೇಕಾಗಿಲ್ಲ. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಭಾರತೀಯ ಪ್ರಬಂಧನ ಸಂಸ್ಥೆ ಅವರದೇ ರಚನೆ. 1977ರಲ್ಲಿ ಆರಂಭವಾಗಿ 1992ರವರೆಗೆ ಹಂತಹಂತವಾಗಿ ರೂಪುಗೊಂಡ ಈ ಆವರಣಕ್ಕೆ ಫತೇಪುರ ಸಿಕ್ರಿ ಮತ್ತು ಮದುರೆಯಂತಹ ದೇವಾಲಯನಗರಗಳು ಪ್ರೇರಣೆ. 2009ರ ‘ತ್ರೀ ಈಡಿಯಟ್ಸ್’ ಹಿಂದಿ ಚಲನಚಿತ್ರದಲ್ಲಿ ಕಾಣುವ ಕಾಲೇಜು ಇದೇ ಎಂದರೆ ಕಿರಿಯರಿಗೆ ಥಟ್ಟನೆ ನೆನಪಾದೀತು.

ಅಹಮದಾಬಾದಿನಲ್ಲಿ ಬಿಸಿಲಿಗೆ ಹೆದರಿ ಭೂಮಿಯೊಳಕ್ಕೆ ಇಳಿದ ಶಿಲ್ಪಿ, ಬೆಂಗಳೂರಿನ ಹಿತವಾದ ಹವೆಯನ್ನು ಕಂಡು ಕಟ್ಟಡವನ್ನು ಬಯಲಿಗೆ ತೆರೆದಿಟ್ಟರು. ನಮ್ಮ ನಾಡಿನ ಬೂದುಬಣ್ಣದ ಕಣಶಿಲೆಯ ಗೋಡೆಗಳು, ಮೂರು ಅಂತಸ್ತಿನ ಎತ್ತರದ ನಡುವಣಿಗೆಗಳು, ಕೆಲವೆಡೆ ಆಕಾಶಕ್ಕೆ ತೆರೆದ, ಕೆಲವೆಡೆ ತೊಲೆಗಳ ಚಪ್ಪರವಿರುವ ಮಾಡುಗಳು, ಅವುಗಳ ಮೇಲೆ ಹಬ್ಬಿದ ಬಳ್ಳಿಗಳು. ತರಗತಿಯಿಂದ ತರಗತಿಗೆ ನಡೆಯುವಾಗ ಓಣಿಯಲ್ಲಿ ನಡೆದ ಅನುಭವವಾಗುತ್ತದೆ. ಪಾಠ ಕೊಠಡಿಯೊಳಗೆ ಮಾತ್ರ ನಡೆಯುವುದಲ್ಲ, ಓಣಿಯಲ್ಲಿ ಎದುರಾದ ಇಬ್ಬರ ಮಾತಿನಲ್ಲಿಯೂ ನಡೆಯುತ್ತದೆ ಎಂಬುದು ಈ ರಚನೆಯ ಒಳಗುಟ್ಟು. ಒಬ್ಬರೇ ಶಿಲ್ಪಿ, ಎರಡು ಊರು, ಎರಡು ರೂಪ. ಅವರು ತಮ್ಮದೊಂದು ಮಾದರಿಯನ್ನು ಹೊತ್ತು ತಿರುಗದೆ, ಹೋದಲ್ಲೆಲ್ಲ ಆ ಊರಿನ ಬಿಸಿಲು, ಗಾಳಿ, ಕಲ್ಲು, ಜನರನ್ನು ಕೇಳಿ ಕಟ್ಟಿದರು.

ಬೇಕೆಂದೇ ಮುಗಿಸದೆ ಬಿಟ್ಟ ಮನೆಗಳು

ದೋಶಿಯವರ ಸಾಧನೆಗಳಲ್ಲೆಲ್ಲ ಹಿರಿದಾದುದು ಮಧ್ಯಪ್ರದೇಶದ ಇಂದೋರಿನಲ್ಲಿ 1989ರಲ್ಲಿ ಸಿದ್ಧವಾದ ‘ಅರಣ್ಯ’ ವಸತಿ. ಇದು 6,500ಕ್ಕೂ ಹೆಚ್ಚು ಮನೆಗಳ, ಬಡವರಿಗೂ ಮಧ್ಯಮವರ್ಗದವರಿಗೂ ಮೀಸಲಾದ ಬಡಾವಣೆ. ಇಲ್ಲಿನ ಬಡ ಕುಟುಂಬಗಳಿಗೆ ಅವರು ಪೂರ್ಣ ಮನೆಯನ್ನು ಕಟ್ಟಿಕೊಡಲಿಲ್ಲ. ನಿವೇಶನ, ತಳಪಾಯ, ನೀರು ಮತ್ತು ಶೌಚದ ವ್ಯವಸ್ಥೆ, ಬೆಳೆಯಲು ಒಂದು ಮೊಳಕೆ. ಇಷ್ಟನ್ನು ಭದ್ರವಾಗಿ ಒದಗಿಸಿ, ಮಾದರಿಗೆಂದು ಕೆಲವು ಮನೆಗಳನ್ನು ಕಟ್ಟಿ ತೋರಿಸಿ, ಉಳಿದುದನ್ನು ಮನೆಯವರ ಕೈಗೇ ಬಿಟ್ಟರು. ಕೈಯಲ್ಲಿ ನಾಲ್ಕು ಕಾಸು ಸೇರಿದಂತೆ ಒಬ್ಬರು ಕೋಣೆ ಏರಿಸಿದರು, ಇನ್ನೊಬ್ಬರು ಮುಂಭಾಗದಲ್ಲಿ ಅಂಗಡಿ ತೆರೆದರು, ಮತ್ತೊಬ್ಬರು ಜಗಲಿ ಕಟ್ಟಿದರು. ಹೀಗೆ ಬೆಳೆದ ಬಡಾವಣೆಗೆ 1995ರಲ್ಲಿ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಸಂದಿತು. 2018ರಲ್ಲಿ ದೋಶಿಯವರಿಗೆ ಪ್ರಿಟ್ಸ್‌ಕರ್ ಪ್ರಶಸ್ತಿ ದೊರೆತಾಗಲೂ ‘ಅರಣ್ಯ’ದ ಹೆಸರು ವಿಶೇಷವಾಗಿ ಕೇಳಿಬಂದಿತು. ಈ ಗೌರವವನ್ನು ಪಡೆದ ಮೊದಲ ಭಾರತೀಯರು ಅವರೇ.

ಮನೆಯನ್ನು ಮುಗಿಸುವ ಹಕ್ಕು ಅದರಲ್ಲಿ ಬಾಳುವವರದು ಎಂಬ ಈ ವಿವೇಕವನ್ನೇ ಅವರು ತಮ್ಮ ಸಂಸ್ಥೆಗೂ ಅನ್ವಯಿಸಿದರು. ತಳಪಾಯವನ್ನು ಭದ್ರಪಡಿಸಿ, ಮೇಲಿನ ಅಂತಸ್ತನ್ನು ಕಿರಿಯರಿಗೆ ಬಿಟ್ಟರು.

ಹೊಣೆ ಕೈ ಬದಲಿಸಿದ ಬಗೆ

ದೋಶಿಯವರು ಬದುಕಿರುವಾಗಲೇ, ಪ್ರಿಟ್ಸ್‌ಕರ್ ಪ್ರಶಸ್ತಿಯ ಹೊತ್ತಿಗೆ, ಸಂಸ್ಥೆಯಲ್ಲಿ ಎರಡು ತಲೆಮಾರಿಗೆ ಸೇರಿದ ಐವರು ಪಾಲುದಾರರಿದ್ದರು. ದೊಡ್ಡ ಯೋಜನೆಗಳ ನೇತೃತ್ವವನ್ನು ಹಿರಿಯ ಪಾಲುದಾರರಾದ ರಾಜೀವ್ ಕಾತ್ಪಾಲಿಯಾ ಅವರು ವಹಿಸಿಕೊಂಡಿದ್ದರು. ದೋಶಿಯವರ ಮೊಮ್ಮಗಳು ಖುಷ್ನು ಪಂಥಕಿ ಹೂಫ್ ಅವರು ಪ್ರತಿಷ್ಠಾನದ ಹೊಣೆ ಹೊತ್ತು, ತಾತನ ಅರುವತ್ತು ವರ್ಷಗಳ ಕೃತಿಗಳ ಪ್ರದರ್ಶನವನ್ನು ರೂಪಿಸಿ, 2019ರಲ್ಲಿ ಅದು ಯುರೋಪಿನ ಜನರ ಕಣ್ಣಿಗೆ ಬೀಳುವಂತೆ ಮಾಡಿದರು. ಆಕೆಯ ಪತಿ, ಜರ್ಮನಿಯ ಸೋಂಕೆ ಹೂಫ್ ಅವರೂ ವಾಸ್ತುಶಿಲ್ಪಿಯೇ. ಹೀಗಾಗಿ ಹಿರಿಯರು ತೆರಳಿದ ದಿನ ಸಂಸ್ಥೆಯು ಉತ್ತರಾಧಿಕಾರಿಯನ್ನು ಹುಡುಕುವ ಸ್ಥಿತಿ ಬರಲಿಲ್ಲ. ರಕ್ತಸಂಬಂಧವೊಂದೇ ಇಲ್ಲಿ ಅರ್ಹತೆಯಾಗಲಿಲ್ಲ ಎಂಬುದನ್ನೂ ಗಮನಿಸಬೇಕು. ಪ್ರತಿಯೊಬ್ಬರೂ ಹಿರಿಯರ ಕಣ್ಣೆದುರಿನಲ್ಲಿಯೇ ಕೆಲಸ ಮಾಡಿ ತೋರಿಸಿದವರು.

ನಳಂದದಲ್ಲಿ ಮಣ್ಣು ಮತ್ತು ನೀರು

ಪ್ರಾಚೀನ ನಳಂದದ ಅವಶೇಷಗಳಿಗೆ ಸಮೀಪದ ರಾಜಗೀರದಲ್ಲಿ, 455 ಎಕರೆಯ ವಿಸ್ತಾರದಲ್ಲಿ ಹೊಸ ನಳಂದ ವಿಶ್ವವಿದ್ಯಾಲಯ ಎದ್ದು ನಿಂತಿದೆ. ಪ್ರಧಾನಮಂತ್ರಿಗಳು 2024ರ ಜೂನ್ 19ರಂದು ಇದನ್ನು ಉದ್ಘಾಟಿಸಿದರು. ಕಾತ್ಪಾಲಿಯಾ ಅವರ ನೇತೃತ್ವದಲ್ಲಿ ‘ವಾಸ್ತುಶಿಲ್ಪ’ ರೂಪಿಸಿದ ಈ ಆವರಣದಲ್ಲಿ ಸುಮಾರು 1,900 ಆಸನಗಳ 40 ತರಗತಿಗಳೂ, ಸುಮಾರು 550 ವಿದ್ಯಾರ್ಥಿಗಳ ವಸತಿನಿಲಯವೂ ಇವೆ. ತನಗೆ ಬೇಕಾದ ವಿದ್ಯುತ್ತನ್ನು ಸೂರ್ಯನಿಂದ ಪಡೆದು, ನೀರನ್ನು ತಾನೇ ಸಂಗ್ರಹಿಸಿ, ಬಳಸಿದ ನೀರನ್ನು ಶುದ್ಧಗೊಳಿಸಿ ಮತ್ತೆ ಬಳಸುವ ಸ್ವಾವಲಂಬನೆ ಇದರ ಗುರಿ.

ಇಲ್ಲಿ ಸುಮಾರು 100 ಎಕರೆಯಷ್ಟು ಜಲಾಶಯಗಳಿವೆ. ಇವಕ್ಕೆ ಪ್ರೇರಣೆ ಮಗಧ ಪ್ರಾಂತದ ‘ಆಹರ್-ಪೈನ್’ ಎಂಬ ಪುರಾತನ ಪದ್ಧತಿ. ಆಹರ್ ಎಂದರೆ ಮೂರು ಬದಿಗೆ ಏರಿ ಹಾಕಿ ನೀರು ನಿಲ್ಲಿಸುವ ತಗ್ಗು. ಪೈನ್ ಎಂದರೆ ನದಿಯ ನೀರನ್ನು ಅಲ್ಲಿಗೆ ತಿರುಗಿಸುವ ಕಾಲುವೆ. ಕೆರೆ, ಏರಿ, ಕೋಡಿ, ಕಾಲುವೆಗಳ ನಾಡಿನವರಾದ ನಮಗೆ ಇದರ ಮರ್ಮವನ್ನು ವಿವರಿಸಬೇಕಾಗಿಲ್ಲ. ಜಲಾಶಯಕ್ಕಾಗಿ ಅಗೆದ ಮಣ್ಣನ್ನು ಹೊರಗೆ ಸಾಗಿಸದೆ, ಅದರಿಂದಲೇ ಗೋಡೆಯ ಇಟ್ಟಿಗೆಗಳನ್ನು ಒತ್ತಿದರು. ತಗ್ಗು ಕೆರೆಯಾಯಿತು, ಅಗೆದ ಮಣ್ಣು ಮನೆಯಾಯಿತು.

ಇವು ಗೂಡಿನಲ್ಲಿ ಸುಟ್ಟ ಇಟ್ಟಿಗೆಗಳಲ್ಲ. ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ, ಯಂತ್ರದಲ್ಲಿ ಒತ್ತಿ, ಕೆಲವು ವಾರ ನೀರುಣಿಸಿ ಗಟ್ಟಿಗೊಳಿಸಿದವು. ಸುಡಲು ಬೇಕಾದ ಸೌದೆ, ಕಲ್ಲಿದ್ದಲು ಉಳಿಯುತ್ತದೆ, ಹೊಗೆಯೂ ಇಲ್ಲ. ಈ ವಿದ್ಯೆಯನ್ನು ಬೆಳೆಸುವುದರಲ್ಲಿ ಕರ್ನಾಟಕದ ಪಾಲು ದೊಡ್ಡದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದಲ್ಲಿ ಪ್ರಾಧ್ಯಾಪಕ ಕೆ. ಎಸ್. ಜಗದೀಶ್ ಮೊದಲಾದವರು ಇಂತಹ ಮಣ್ಣಿನ ಇಟ್ಟಿಗೆಗಳ ಬಗ್ಗೆ ದೀರ್ಘಕಾಲ ಸಂಶೋಧನೆ ನಡೆಸಿದ್ದಾರೆ.

ಜರ್ಮನಿಯಲ್ಲಿ ಕಡೆಯ ಕೃತಿ

ಎರಡನೆಯ ನಿರ್ಮಾಣ ಇದಕ್ಕೆ ತೀರ ಭಿನ್ನ. ಜರ್ಮನಿಯ ವೈಲ್ ಆಮ್ ರೈನ್ ಎಂಬಲ್ಲಿ ಪೀಠೋಪಕರಣಗಳ ಪ್ರಸಿದ್ಧ ಸಂಸ್ಥೆಯಾದ ‘ವಿಟ್ರಾ’ದ ಆವರಣವಿದೆ. ಅಲ್ಲಿ ಮೌನವಾಗಿ ಕುಳಿತುಕೊಳ್ಳಲು ಒಂದು ತಾಣ ಬೇಕೆಂದು ದೋಶಿಯವರನ್ನು ಕೋರಲಾಗಿತ್ತು. ಭಾರತದ ಹೊರಗೆ ಕಟ್ಟಲಾದ ಅವರ ಮೊದಲ ಕೃತಿಯೂ ಕಡೆಯ ಕೃತಿಯೂ ಇದೇ. ಉಕ್ಕಿನ ಗೋಡೆಗಳ ನಡುವೆ ಬಳುಕುತ್ತ ನೆಲದೊಳಕ್ಕೆ ಇಳಿಯುವ ಹಾದಿ, ಜೊತೆಯಲ್ಲಿ ಸಾಗುವ ನಾದ, ಕೊನೆಯಲ್ಲಿ ಒಂದು ನಿಶ್ಶಬ್ದ ಕೋಣೆ. ಖುಷ್ನು ಮತ್ತು ಸೋಂಕೆ ಅವರು ತಾತನೊಂದಿಗೆ ಇದರ ಕಲ್ಪನೆಯನ್ನು ಬೆಳೆಸಿ, ಅವರು ಇಲ್ಲವಾದ ಮೇಲೆ ಪೂರ್ಣಗೊಳಿಸಿದರು. 2025ರಲ್ಲಿ ಅದು ಸಾರ್ವಜನಿಕರಿಗೆ ತೆರೆಯಿತು.

ನಳಂದದ ಮಣ್ಣಿಗೂ ಜರ್ಮನಿಯ ಉಕ್ಕಿಗೂ ರೂಪದಲ್ಲಿ ಹೋಲಿಕೆಯಿಲ್ಲ. ದೋಶಿಯವರ ಕಮಾನುಗಳನ್ನು ಕಿರಿಯರು ಎರಡೂ ಕಡೆ ನಕಲು ಮಾಡಿದ್ದರೆ ಜನ ಮೆಚ್ಚುತ್ತಿದ್ದರೇನೋ, ಆದರೆ ಗುರುವಿನ ಪಾಠ ಸೋಲುತ್ತಿತ್ತು. ಅವರು ಪಡೆದುಕೊಂಡದ್ದು ಗುರುವಿನ ಕೈಬರಹವನ್ನಲ್ಲ, ನೋಡುವ ಕಣ್ಣನ್ನು.

ನಮ್ಮ ಮನೆಗಳಿಗೆ ಇದರ ಪಾಠ

ಇಂದು ನಮ್ಮ ಊರುಗಳಲ್ಲಿ ದಪ್ಪ ಗೋಡೆಯ ಮಾಳಿಗೆ ಮನೆಗಳನ್ನೂ ತೊಟ್ಟಿಮನೆಗಳನ್ನೂ ಕೆಡವಿ, ಪಶ್ಚಿಮದ ಬಿಸಿಲಿಗೆ ಗಾಜಿನ ಗೋಡೆ ಒಡ್ಡಿ, ಆಮೇಲೆ ತಂಪುಯಂತ್ರಕ್ಕೆ ಹಣ ತೆರುವುದನ್ನು ಕಾಣುತ್ತೇವೆ. ಹಳೆಯ ಮನೆಯನ್ನು ಉಳಿಸಿಕೊಳ್ಳಲಾಗದಿದ್ದರೂ ಅದರ ಬುದ್ಧಿಯನ್ನು ಹೊಸ ಮನೆಗೆ ತರಲು ಅಡ್ಡಿಯಿಲ್ಲ. ಪಶ್ಚಿಮದ ಗೋಡೆಗೆ ನೆರಳು ಕೊಡಿರಿ. ಗಾಜಿನೊಳಗೆ ಬಂದ ಬಿಸಿಲನ್ನು ಪರದೆಯಿಂದ ತಡೆಯುವುದಕ್ಕಿಂತ ಹೊರಗೇ ತಡೆಯುವುದು ಮೇಲು. ತಾರಸಿಗೆ ಬಿಳಿಯ ಪಿಂಗಾಣಿ ಚೂರುಗಳ ಹೊದಿಕೆ ಹಾಕಿಸಿರಿ. ಮಳೆನೀರು ಎಲ್ಲಿಗೆ ಹೋಗಬೇಕೆಂಬುದನ್ನು ನಕ್ಷೆಯಲ್ಲಿಯೇ ತೋರಿಸುವಂತೆ ಕೇಳಿರಿ. ಮಣ್ಣಿನ ಇಟ್ಟಿಗೆ ಬಳಸುವುದಾದರೆ ಮೊದಲು ಮಣ್ಣನ್ನು ಪರೀಕ್ಷಿಸಿರಿ. ನಮ್ಮ ಉತ್ತರ ಕರ್ನಾಟಕದ ಎರೆಮಣ್ಣು ನೀರಿಗೆ ಉಬ್ಬಿ ಬಿಸಿಲಿಗೆ ಬಿರಿಯುವುದರಿಂದ ಅದು ಇದ್ದಂತೆಯೇ ಈ ಕೆಲಸಕ್ಕೆ ಒದಗದು. ಮರಳಿನಂಶವುಳ್ಳ ಕೆಮ್ಮಣ್ಣು ಉತ್ತಮ.

ಇನ್ನೊಂದು ಪಾಠ ಸಂಸಾರಗಳಿಗೂ ಸಂಸ್ಥೆಗಳಿಗೂ ಸಮಾನವಾದುದು. ಕೈಯಲ್ಲಿ ಶಕ್ತಿಯಿರುವಾಗಲೇ ಕಿರಿಯರಿಗೆ ಕೆಲಸ ಒಪ್ಪಿಸಿ, ಅವರು ತಮ್ಮ ರೀತಿಯಲ್ಲಿ ಅದನ್ನು ಮಾಡುವುದನ್ನು ಸಹನೆಯಿಂದ ನೋಡುವುದು ಹಿರಿಯರ ಧರ್ಮ. ಹಿರಿಯರ ರೂಪವನ್ನು ಪೂಜಿಸುತ್ತ ಕೂರದೆ, ಅವರು ಕೇಳುತ್ತಿದ್ದ ಪ್ರಶ್ನೆಗಳನ್ನು ತಾವೂ ಕೇಳುವುದು ಕಿರಿಯರ ಧರ್ಮ. ಬನ್ನೇರುಘಟ್ಟ ರಸ್ತೆಯ ಆ ಕಲ್ಲಿನ ಗೋಡೆಗಳ ಮೇಲೆ ಬಳ್ಳಿ ಇಂದಿಗೂ ಹಬ್ಬುತ್ತಿದೆ. ಗೋಡೆಯನ್ನು ಕಟ್ಟಿದವರು ಬಳ್ಳಿಗೂ ಜಾಗ ಬಿಟ್ಟಿದ್ದರು.